ಚೀಲದ ಬಾಯಿ, ಚೀಲದ ಹೊಟ್ಟೆ: ಕಾದಂಬರಿಯ ಮೊದಲ ಪುಟವನ್ನು ಪಂದ್ಯಕ್ಕಿಡುವ ಬಗ್ಗೆ

(ಹೈದರಾಬಾದಿನ ಬೇಗಂ ಬಜಾರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸಕ್ಕೆ ಇದಕ್ಕಿಂತ ಒಪ್ಪುವ ಜಾಗ ಸಿಗುವುದು ಕಷ್ಟ. ಎರಡನೆಯ ಆಸಫ್ ಜಾ ನಿಜಾಂ ಅಲಿ ಖಾನರ ಪತ್ನಿ ಹಮ್ದಾ ಬೇಗಂ ವರ್ತಕರಿಗೆ ವ್ಯಾಪಾರ ನಡೆಸಲೆಂದು ಬಿಟ್ಟುಕೊಟ್ಟ ನೆಲ ಇದು ಎಂದು ಈ ಊರಿನವರು ಹೇಳುತ್ತ ಬಂದಿದ್ದಾರೆ. ಅಂದರೆ ಈ ಬಜಾರೇ ಒಂದು ದತ್ತಿ. 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಕಾಲೇಜಿಗೆ, ಕೋರ್ಟಿಗೆ, ದವಾಖಾನೆಗೆ, ಪೇಟೆಗೆ ನಮ್ಮ ಹಿರಿಯರು ಇಲ್ಲಿಗೇ ಬರಬೇಕಿತ್ತು. ಗಡಿ ಬದಲಾದ ಮೇಲೂ ಇಲ್ಲೇ ಉಳಿದವರು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕೈಬಿಡದೆ ನಡೆಸಿಕೊಂಡು ಬಂದರು. ಆ ಹಟದ ಫಲವಾಗಿ ಇಂದು ಕನ್ನಡ ಕಾದಂಬರಿಯ ಬಗ್ಗೆ ಇಲ್ಲಿ ಕನ್ನಡದಲ್ಲೇ ಮಾತಾಡಬಹುದಾಗಿದೆ.

ವಿಷಯ ನಾನೇ ಆರಿಸಿಕೊಂಡದ್ದು. ಮಾದಾಪುರ, ಗಚ್ಚಿಬೌಲಿಯ ಕಂಪನಿಗಳಲ್ಲಿ ಹಗಲು ದುಡಿದು ರಾತ್ರಿ ಕಾದಂಬರಿ ಬರೆಯುವ ಹುಡುಗ ಹುಡುಗಿಯರು ನಮ್ಮ ಮನೆಗಳಲ್ಲಿ ಈಗ ಇದ್ದಾರೆ. ಕೆಲವರು ಕನ್ನಡದಲ್ಲಿ ಬರೆಯುತ್ತಾರೆ, ಕೆಲವರು ಇಂಗ್ಲಿಷಿನಲ್ಲಿ. ಕೇಳುವ ಪ್ರಶ್ನೆ ಮಾತ್ರ ಒಂದೇ: “ಕಾದಂಬರಿಯ ಮೊದಲ ಪುಟ ಮಾತ್ರ ಕಳಿಸಿ ಅನ್ನುವ ಸ್ಪರ್ಧೆ ಇದೆ. ತೀರ್ಪುಗಾರರು ಲಿಟರರಿ ಏಜೆಂಟರಂತೆ. ಕಳಿಸಬಹುದಾ?” ಕಳಿಸಬಹುದು ಎನ್ನುತ್ತೇನೆ ನಾನು. ಆದರೆ ಆ ಪುಟದಲ್ಲಿ ಅವರು ಏನನ್ನು ತೂಗುತ್ತಾರೆ, ಏನನ್ನು ತೂಗಲಾರರು ಎಂಬುದು ಗೊತ್ತಿರಬೇಕು. ಇವತ್ತಿನ ಮಾತೆಲ್ಲ ಅಷ್ಟೇ.

ಪಂದ್ಯ ಮತ್ತು ಪಂಚರು

ಇಂಥ ಸ್ಪರ್ಧೆಗಳ ನಿಯಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಅಚ್ಚಾಗದ ಕಾದಂಬರಿಯ ಮೊದಲ ಪುಟ ಬೇಕು, ಇಂಗ್ಲಿಷಾದರೆ 250ರಿಂದ 300 ಪದ. ಪುಟದ ಮೇಲೆ ಬರೆದವರ ಹೆಸರಿರಬಾರದು. ಗೆದ್ದವರಿಗೆ ಸಿಗುವ ಹಣ ಚಿಲ್ಲರೆ. ದೊಡ್ಡ ಬಹುಮಾನವೆಂದರೆ ಏಜೆಂಟರು ಪೂರ್ತಿ ಹಸ್ತಪ್ರತಿ ತರಿಸಿಕೊಂಡು ಓದುವುದು. ಸ್ವಲ್ಪ ಧಾರಾಳಿಗಳೂ ಇದ್ದಾರೆ. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ 1973ರಿಂದ ನಡೆದುಬಂದಿರುವ ಬ್ರಿಡ್‌ಪೋರ್ಟ್ ಪ್ರಶಸ್ತಿಗೆ ಆಮೇಲೆ ಚೊಚ್ಚಲ ಕಾದಂಬರಿಯ ವಿಭಾಗ ಸೇರಿತು. ಅಲ್ಲಿ ಒಂದು ಪುಟದ ಬದಲು ಆರಂಭದ ಕೆಲವು ಸಾವಿರ ಪದಗಳನ್ನೂ ಕಥಾಸಾರವನ್ನೂ ಕೇಳುತ್ತಾರೆ. ಆರಂಭದ ಮೇಲಿನ ಈ ಮೋಹವನ್ನು ಗೇಲಿ ಮಾಡಿದವರೂ ಉಂಟು. ಅಮೆರಿಕದ ಸ್ಯಾನ್ ಹೊಸೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಕಾಟ್ ರೈಸ್ 1982ರಲ್ಲಿ ಶುರುಮಾಡಿದ ಬುಲ್ವರ್ ಲಿಟ್ಟನ್ ಸ್ಪರ್ಧೆಯಲ್ಲಿ, ಬರೆಯದ ಕಾದಂಬರಿಯ ಅತ್ಯಂತ ಕೆಟ್ಟ ಮೊದಲ ವಾಕ್ಯಕ್ಕೆ ಬಹುಮಾನ ಕೊಡುತ್ತಿದ್ದರು.

ಇನ್ನು ಈ ಏಜೆಂಟರು ಯಾರು? ಲೇಖಕರ ಪರವಾಗಿ ಪ್ರಕಾಶಕರ ಜೊತೆ ಚೌಕಾಸಿ ಮಾಡುವ ದಲ್ಲಾಳಿಗಳು. ಬೇಗಂ ಬಜಾರಿನಲ್ಲಿ ಆ ಮಾತು ಬೈಗುಳವಲ್ಲ, ವೃತ್ತಿಯ ಹೆಸರು. 1870ರ ದಶಕದಲ್ಲಿ ಲಂಡನ್ನಿನ ಎ.ಪಿ. ವಾಟ್ ಈ ಕಸುಬನ್ನು ನೆಲೆಗೊಳಿಸಿದ. ಕಿಪ್ಲಿಂಗ್ ಅವನ ಗಿರಾಕಿ. ಲೇಖಕರ ಗಳಿಕೆಯಲ್ಲಿ ನೂರಕ್ಕೆ 10 ಅವನ ಪಾಲು. ಈಗ ಸ್ವದೇಶದ ಮಾರಾಟಕ್ಕೆ ನೂರಕ್ಕೆ 15, ವಿದೇಶ ಮತ್ತು ಅನುವಾದದ ಹಕ್ಕಿಗೆ 20 ವಾಡಿಕೆ. ಪುಸ್ತಕ ಮಾರಾಟವಾದರೆ ಮಾತ್ರ ಏಜೆಂಟರಿಗೆ ಕಾಸು. ಓದುವುದಕ್ಕೇ ಶುಲ್ಕ ಕೇಳುವುದನ್ನು ಆ ವೃತ್ತಿಯ ಸಂಘಗಳ ನೀತಿಸಂಹಿತೆಯೇ ಒಪ್ಪುವುದಿಲ್ಲ. ಹಾಗೆ ಕೇಳುವವರು ಸಿಕ್ಕರೆ ದೂರದಿಂದಲೇ ಕೈಮುಗಿಯಿರಿ.

ಭಾರತದಲ್ಲಿ ಈ ವೃತ್ತಿ ಎಳೆಯದು. ಬೆಂಗಳೂರಿನ ಜಕರಂಡಾ 1997ರಲ್ಲಿ ಶುರುವಾಯಿತು, ಜೈಪುರದ ಸಿಯಾಹಿ ಅದಾದ ಹತ್ತು ವರ್ಷಕ್ಕೆ. ಆದರೆ ಫಲ ಕಣ್ಣಮುಂದೆ ಇದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ ಅಂತರರಾಷ್ಟ್ರೀಯ ಬೂಕರ್ ಗೆದ್ದವು. ಕನ್ನಡಕ್ಕೆ ಅದು ಮೊದಲ ಬೂಕರ್. 50,000 ಪೌಂಡುಗಳನ್ನು ಲೇಖಕಿ, ಅನುವಾದಕಿ ಸಮಸಮ ಹಂಚಿಕೊಂಡರು. ಅದಕ್ಕೂ ಮೂರು ವರ್ಷದ ಹಿಂದೆ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಗೂ ಇದೇ ಪ್ರಶಸ್ತಿ ಬಂದಿತ್ತು. ಎರಡು ಪುಸ್ತಕಗಳ ಹಿಂದೆಯೂ ಇದ್ದವರು ಒಬ್ಬರೇ ಏಜೆಂಟ್, ದೆಹಲಿಯ ಕನಿಷ್ಕ ಗುಪ್ತಾ. ದಲ್ಲಾಳಿಯಿಲ್ಲದೆ ಮಾಲು ಗಡಿ ದಾಟುವುದಿಲ್ಲ ಎಂಬುದನ್ನು ಈ ಬಜಾರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಕನ್ನಡದ ಕಾವಲುಗಾರರು

ಕನ್ನಡದೊಳಗೆ ಏಜೆಂಟರಿಲ್ಲ. ಹಾಗೆಂದು ಕಾವಲೇ ಇರಲಿಲ್ಲ ಎಂದಲ್ಲ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯನ್ನು ನೋಡಿ. ಚಂದಾದಾರರು ಮುಂಗಡ ಹಣ ಕೊಟ್ಟು, ಬರುವ ಪುಸ್ತಕಗಳಿಗೆ ಕಾಯುತ್ತಿದ್ದರು. ಅವರಲ್ಲಿ ಯಾರೂ ಮೊದಲ ಪುಟ ನೋಡಿ ಕೊಂಡವರಲ್ಲ. ಗ್ರಂಥಮಾಲೆಯ ಆ ಪ್ರಸಿದ್ಧ ಅಟ್ಟದ ಮೇಲೆ ಕೂತು ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಹಸ್ತಪ್ರತಿ ಓದಿರುತ್ತಾರೆ ಎಂಬ ಭರವಸೆಯ ಮೇಲೆ ಕೊಂಡವರು. 1965ರಲ್ಲಿ ‘ಸಂಸ್ಕಾರ’ ಓದುಗರ ಕೈಸೇರಿದ್ದು ಆ ಭರವಸೆಯ ಮೂಲಕ.

ಇನ್ನೊಂದು ಕಾವಲು ವಾರಪತ್ರಿಕೆಗಳದು. ‘ಕರ್ಮವೀರ’, ‘ಸುಧಾ’, ‘ತರಂಗ’ಗಳ ಧಾರಾವಾಹಿಗಳು ಕನ್ನಡದ ಮನೆಮನೆಗೆ ಓದಿನ ರುಚಿ ಹತ್ತಿಸಿದವು. ಅಲ್ಲಿ ಪರೀಕ್ಷೆಯಾಗುತ್ತಿದ್ದುದು ಮೊದಲ ಪುಟಕ್ಕಿಂತ ಹೆಚ್ಚಾಗಿ ಕಂತಿನ ಕೊನೆಯ ಪ್ಯಾರಾ. ಮುಂದಿನ ವಾರ ಪತ್ರಿಕೆ ಬರುವ ಹೊತ್ತಿಗೆ ಬಾಗಿಲಲ್ಲಿ ಕಾಯುವಂತೆ ಮಾಡಬೇಕಿತ್ತು. ಅದು ಬೇರೆಯದೇ ವಿದ್ಯೆ. ಆ ವಿದ್ಯೆಯಲ್ಲಿ ಪಳಗಿದ ನಮ್ಮ ಕಾದಂಬರಿಕಾರರು ಆರಂಭದಲ್ಲಿ ಸಾವಧಾನವಾಗಿ ಊರು, ಮನೆ, ನೆಂಟಸ್ತಿಕೆಗಳನ್ನು ಪರಿಚಯಿಸಿ, ಕಂತಿನ ಕೊನೆಯಲ್ಲಿ ಹಿಡಿದು ನಿಲ್ಲಿಸುತ್ತಿದ್ದರು.

ಇಂದಿನ ಸ್ಥಿತಿ ಏನು? ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಗಳ ದತ್ತಿ ಬಹುಮಾನಗಳು ಸಾಮಾನ್ಯವಾಗಿ ಅಚ್ಚಾದ ಪುಸ್ತಕಕ್ಕೆ. ಮೂರು ನಾಲ್ಕು ಪ್ರತಿ ಕಳಿಸಿ ಎನ್ನುತ್ತಾರೆ. ಅಚ್ಚಾಗದವರು ಕಳಿಸುವುದೇನನ್ನು? ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಯ ಹಸ್ತಪ್ರತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಸುಧೇಂದ್ರರ ಛಂದ ಪುಸ್ತಕ, ಇನ್ನೂ ಸಂಕಲನ ಬರದ ಕಥೆಗಾರರ ಹಸ್ತಪ್ರತಿಗೆ ಸ್ಪರ್ಧೆ ನಡೆಸಿ, ಗೆದ್ದದ್ದನ್ನು ತಾನೇ ಪ್ರಕಟಿಸುತ್ತದೆ. ಇವು ದೊಡ್ಡ ಕೆಲಸ. ಸಣ್ಣಕತೆಗೆ ನಮ್ಮಲ್ಲಿ ದೀಪಾವಳಿ ಸ್ಪರ್ಧೆಗಳ ಪರಂಪರೆಯೇ ಇದೆ. ಮೊದಲ ಕಾದಂಬರಿ ಬರೆದು ಪೆಟ್ಟಿಗೆಯಲ್ಲಿಟ್ಟವರಿಗೆ ಹಾಗೆ ನೆಚ್ಚಿಕೊಳ್ಳುವ ದಾರಿ ತೀರ ಕಡಿಮೆ. ಆ ಕಾರಣಕ್ಕೇ ಹುಡುಗರ ಕಣ್ಣು ದೂರದ ಏಜೆಂಟರ ಮೇಲೆ ಬೀಳುವುದು.

ಮೊದಲ ಪುಟದಲ್ಲಿ ಏನಿರುತ್ತದೆ

ಈಗ ಒಂದು ಪುಟವನ್ನು ಹತ್ತಿರದಿಂದ ನೋಡೋಣ. ‘ಸಂಸ್ಕಾರ’ ಹೇಗೆ ಶುರುವಾಗುತ್ತದೆ? ಪ್ರಾಣೇಶಾಚಾರ್ಯರು ಹಾಸಿಗೆ ಹಿಡಿದ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುತ್ತಾರೆ, ಸೀರೆ ಉಡಿಸುತ್ತಾರೆ. ಪೂಜೆ, ನೈವೇದ್ಯ ಆಗುತ್ತದೆ. ಅವಳ ಮುಡಿಗೆ ಹೂವು, ಬಾಯಿಗೆ ತೀರ್ಥ. ಅವಳು ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ಗಂಜಿಯ ಬಟ್ಟಲು ಬರುತ್ತದೆ, ಮೊದಲು ನೀವು ಊಟ ಮಾಡಿ ಎಂಬ ಅವಳ ಮಾತು ಬರುತ್ತದೆ. ಇಪ್ಪತ್ತು ವರ್ಷಗಳಿಂದ ತಪ್ಪದ ದಿನಚರಿ ಇದು. ಅಂಗಳದಲ್ಲಿ ಚಂದ್ರಿ ನಿಂತು ನಾರಣಪ್ಪನ ಸಾವಿನ ಸುದ್ದಿ ಹೇಳುವುದು ಇಷ್ಟೆಲ್ಲ ಆದ ಮೇಲೆ.

ಮೊದಲ ಪುಟದ ಸ್ಪರ್ಧೆಗೆ ಸಿದ್ಧ ಮಾಡುವ ತರಬೇತುದಾರರ ಕೈಗೆ ಇದನ್ನು ಕೊಟ್ಟರೆ ಏನು ಹೇಳಿಯಾರು? ದಿನಚರಿಯಿಂದ ಶುರುಮಾಡಬೇಡಿ, ಹೆಣವನ್ನು ಮೊದಲ ಸಾಲಿಗೆ ತನ್ನಿ ಎಂದಾರು. ಹಾಗೆ ತಂದಿದ್ದರೆ ಕಾದಂಬರಿ ಕೆಡುತ್ತಿತ್ತು. ಆಚಾರ್ಯರು ಹೆಂಡತಿಯ ಕಾಯಿಲೆಯನ್ನೇ ತಮ್ಮ ತಪಸ್ಸು ಎಂದುಕೊಂಡವರು. ಆ ಸೇವೆಯಲ್ಲಿ ಭಕ್ತಿಯೂ ಇದೆ, ಯಾರಿಗೂ ಕಾಣದ ಒಂದು ಹೆಮ್ಮೆಯೂ ಇದೆ, ಮೈಯ ಬೇಡಿಕೆಗೆ ಬೆನ್ನು ತಿರುಗಿಸಿದ ನೆಮ್ಮದಿಯೂ ಇದೆ. ಮುಂದೆ ಕಾಡಿನ ಕತ್ತಲಲ್ಲಿ ಕುಸಿದು ಬೀಳುವುದು ಇದೇ ಕಟ್ಟಡ. ಕಟ್ಟಡ ನೋಡದವರಿಗೆ ಕುಸಿತದ ಅರ್ಥವಾಗದು. ಹೆಣದಿಂದ ಶುರುವಾಗಿದ್ದರೆ ಅದು ಶವಸಂಸ್ಕಾರದ ತಕರಾರಿನ ಕತೆಯಾಗಿ ಉಳಿಯುತ್ತಿತ್ತು. 1976ರಲ್ಲಿ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದಾಗಲೂ ಈ ಕ್ರಮವನ್ನು ಕದಲಿಸಲಿಲ್ಲ.

ತೇಜಸ್ವಿಯವರ ‘ಕರ್ವಾಲೊ’ 1980ರದು. ಜೇನುತುಪ್ಪ ಕೊಳ್ಳಲು ಮೂಡಿಗೆರೆಯ ಜೇನು ಸೊಸೈಟಿಗೆ ಹೋಗುವುದರಿಂದ ಅದರ ಆರಂಭ. ಕೋಟ್ಯಂತರ ವರ್ಷಗಳ ವಿಕಾಸ, ಹಾರುವ ಓತಿ, ಪಶ್ಚಿಮಘಟ್ಟದ ಕಣಿವೆ, ಇವು ಯಾವುವೂ ಆ ಪುಟದಲ್ಲಿ ತಲೆ ಹಾಕುವುದಿಲ್ಲ. ಆದರೂ ಕಾದಂಬರಿಯ ದನಿ ಪೂರ್ತಿ ಅಲ್ಲಿದೆ. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂಬ ಪೋಲಿ ತಮಾಷೆಯ ದನಿ ಅದು. ಕೊನೆಯ ಪುಟದವರೆಗೂ ಅದೇ ನಮ್ಮನ್ನು ಎಳೆದೊಯ್ಯುತ್ತದೆ. ಏಳುನೂರಕ್ಕೂ ಹೆಚ್ಚು ಪುಟಗಳ ‘ಮಲೆಗಳಲ್ಲಿ ಮದುಮಗಳು’ ಶುರುವಾಗುವುದು ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ನಡಿಗೆಯಿಂದ. ನಾಯಕ ಯಾರು ಎಂದು ಮೊದಲ ಪುಟದಲ್ಲಿ ಹುಡುಕುವವರನ್ನು ಕುವೆಂಪು ಆಗಲೇ ದಾರಿ ತಪ್ಪಿಸಿರುತ್ತಾರೆ.

ಇದಕ್ಕೆ ವಿರುದ್ಧದ ಉದಾಹರಣೆಯೂ ನಮ್ಮಲ್ಲೇ ಇದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕನ್ನಡದಲ್ಲಿ 2013ರಲ್ಲಿ ಬಂತು. ಶ್ರೀನಾಥ್ ಪೇರೂರರ ಇಂಗ್ಲಿಷ್ 2015ರಲ್ಲಿ ಭಾರತದಲ್ಲೂ 2017ರಲ್ಲಿ ಅಮೆರಿಕದಲ್ಲೂ ಪ್ರಕಟವಾಯಿತು. ಅದರ ಮೊದಲ ಪುಟ ಯಾವ ಏಜೆಂಟರ ಮುಂದೆಯೂ ಧೈರ್ಯವಾಗಿ ನಿಲ್ಲುತ್ತದೆ. ಹಳೆಯ ಕಾಫಿ ಹೌಸ್, ವಿನ್ಸೆಂಟ್ ಎಂಬ ಮಾಣಿ, ಅವನ ಅಳೆದು ತೂಗಿದ ಮಾತಿನಲ್ಲಿ ಭವಿಷ್ಯವಾಣಿ ಕೇಳಿಸಿಕೊಳ್ಳುವ ನಿರೂಪಕ. ಮನೆ ಬಿಟ್ಟು ಈ ಮನುಷ್ಯ ಇಲ್ಲಿ ಬಂದು ಯಾಕೆ ಕೂತಿದ್ದಾನೆ? ಹೇಳಬೇಕಾದ್ದನ್ನು ಯಾಕೆ ಹೇಳುತ್ತಿಲ್ಲ? ಕಳವಳ ಅಲ್ಲೇ ಹುಟ್ಟುತ್ತದೆ. ಆದರೆ ಗಮನಿಸಿ, ಅಲ್ಲೂ ಘಟನೆ ನಡೆಯುವುದಿಲ್ಲ. ಕೊಲೆಯಿಲ್ಲ, ಓಟವಿಲ್ಲ. ಓದುಗರನ್ನು ಹಿಡಿಯುವುದು ಹೇಳುವವನ ಅಳುಕು.

ಈ ನಾಲ್ಕು ಪುಟಗಳಿಂದ ನಾನು ಕಲಿತದ್ದಿಷ್ಟು. ಮೊದಲ ಪುಟದ ಕೆಲಸ ಬೆಚ್ಚಿಬೀಳಿಸುವುದಲ್ಲ, ಓದುಗರನ್ನು ಒಂದು ಜಾಗದಲ್ಲಿ ನಿಲ್ಲಿಸುವುದು. ಎಲ್ಲಿಂದ ನೋಡಿದರೆ ಮುಂದಿನ ಮುನ್ನೂರು ಪುಟ ಸರಿಯಾಗಿ ಕಂಡೀತೋ ಅಲ್ಲಿ. ಆ ಜಾಗ ಸರಿಯಾಗಿದೆಯೇ ಎಂದು ಪುಸ್ತಕ ಮುಗಿಸಿದವರಿಗೆ ಮಾತ್ರ ಗೊತ್ತಾಗುತ್ತದೆ. ಸ್ಪರ್ಧೆಯ ತೀರ್ಪುಗಾರರಿಗೆ ಆ ಭಾಗ್ಯವಿಲ್ಲ. ಅವರು ಭಾಷೆಯ ಹಿಡಿತ ಅಳೆಯಬಲ್ಲರು, ದನಿ ಗುರುತಿಸಬಲ್ಲರು, ಅನಗತ್ಯ ವಿವರದ ಕೊಬ್ಬು ಕಂಡುಹಿಡಿಯಬಲ್ಲರು. ಕಟ್ಟಡವನ್ನು ಅಳೆಯಲಾರರು.

ಪರಖಿಯ ಪಾಠ

ಈ ಪೇಟೆಯ ಸಗಟು ಅಂಗಡಿಗಳಲ್ಲಿ ಧನಿಯಾ, ಬೇಳೆ, ಅಕ್ಕಿ ಕೊಳ್ಳುವವರನ್ನು ನೋಡಿ. ಚೀಲದ ಬಾಯಿ ಬಿಚ್ಚಿ ತೋರಿಸಿದ ಮಾಲನ್ನು ಒಂದು ಸಲ ಕಣ್ಣಾಡಿಸಿ ಬಿಟ್ಟುಬಿಡುತ್ತಾರೆ. ಆಮೇಲೆ ಪರಖಿ ಹೊರಗೆ ಬರುತ್ತದೆ. ಚೂಪು ಮೂತಿಯ, ಉದ್ದಕ್ಕೆ ಕಾಲುವೆಯಂತೆ ತೋಡಿದ ಕಬ್ಬಿಣದ ಸಲಾಕೆ ಅದು. ತೋಡಿದ ಮಗ್ಗುಲನ್ನು ಕೆಳಗೆ ಮಾಡಿ ಗೋಣಿಯ ಪಕ್ಕೆಗೆ ಚುಚ್ಚುತ್ತಾರೆ, ಒಳಗೆ ಹೋದ ಮೇಲೆ ತಿರುವಿ ಎಳೆಯುತ್ತಾರೆ. ಚೀಲದ ಹೊಟ್ಟೆಯ ಕಾಳು ಅಂಗೈಗೆ ಸುರಿಯುತ್ತದೆ. ಉಜ್ಜುತ್ತಾರೆ, ಮೂಸುತ್ತಾರೆ, ಹಲ್ಲಿನಲ್ಲಿ ಕಡಿದು ತೇವ ನೋಡುತ್ತಾರೆ. ತೂತನ್ನು ಅದೇ ಮೂತಿಯಿಂದ ಕೆರೆದು ನಾರು ಕೂಡಿಸಿ ಮುಚ್ಚುತ್ತಾರೆ. ಚೀಲದ ಬಾಯಿಗೆ ಒಳ್ಳೆಯ ಮಾಲು ಹಾಕುವುದು ಯಾರಿಗೆ ಗೊತ್ತಿಲ್ಲ? ಬೆಲೆ ಕಟ್ಟುವುದು ಹೊಟ್ಟೆ ನೋಡಿ.

ಮೊದಲ ಪುಟದ ಸ್ಪರ್ಧೆ ಚೀಲದ ಬಾಯಿಯನ್ನು ಮಾತ್ರ ನೋಡುತ್ತದೆ. ಅದರ ಪರಿಣಾಮವೂ ಕಾಣುತ್ತಿದೆ. ಮೊದಲ ಪುಟವನ್ನು ಇಪ್ಪತ್ತು ಸಲ ತಿದ್ದಿದವರು ನೂರನೆಯ ಪುಟವನ್ನು ಒಂದು ಸಲವೂ ತಿದ್ದಿರುವುದಿಲ್ಲ. ಹಲವರ ಬಳಿ ನೂರನೆಯ ಪುಟವೇ ಇರುವುದಿಲ್ಲ. ತೀರ್ಪುಗಾರನಾಗಿ ಕೂತಾಗ ನಾನು ಕಂಡದ್ದೂ ಇದೇ. ಹೊಳೆಯುವ ಆರಂಭ, ಮೂರನೆಯ ಅಧ್ಯಾಯಕ್ಕೆ ಉಸಿರು ಕಟ್ಟಿದ ಕತೆ. ಪುಸ್ತಕವನ್ನು ತೊಂಬತ್ತೊಂಬತ್ತನೆಯ ಪುಟಕ್ಕೆ ತೆರೆದು ಓದಿ, ಅದರ ಗುಣ ತಿಳಿಯುತ್ತದೆ ಎಂಬ ಮಾತೊಂದು ಇಂಗ್ಲಿಷ್ ಕಾದಂಬರಿಕಾರ ಫೋರ್ಡ್ ಮ್ಯಾಡಾಕ್ಸ್ ಫೋರ್ಡ್ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ನಮ್ಮ ದಲ್ಲಾಳಿಗಳು ಫೋರ್ಡನನ್ನು ಓದದೆಯೇ ಈ ವಿದ್ಯೆ ಬಲ್ಲರು.

ಏಜೆಂಟರೂ ಪರಖಿ ಇಲ್ಲದವರಲ್ಲ. ಪುಟ ಹಿಡಿಸಿದರೆ ಪೂರ್ತಿ ಹಸ್ತಪ್ರತಿ ಕಳಿಸಿ ಎನ್ನುತ್ತಾರಲ್ಲ, ಅದೇ ಅವರ ಪರಖಿ. ನಿಜವಾದ ಪರೀಕ್ಷೆ ಶುರುವಾಗುವುದು ಗೆದ್ದ ಮೇಲೆ. ಆ ಪತ್ರ ಬಂದ ದಿನ ಕಾದಂಬರಿ ಇನ್ನೂ ಅರ್ಧವಿದೆ ಎಂದರೆ, ಸಿಕ್ಕ ಅವಕಾಶ ಅಲ್ಲಿಗೇ ಮುಗಿಯಿತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಎರಡು ತೊಡಕುಗಳಿವೆ. ಒಂದು, ಪದಗಳ ಲೆಕ್ಕ. ನಮ್ಮಲ್ಲಿ ವಿಭಕ್ತಿಯೂ ಕಾಲಸೂಚಿಯೂ ಪದಕ್ಕೇ ಅಂಟಿಕೊಳ್ಳುತ್ತವೆ. ಇಂಗ್ಲಿಷಿನ ನಾಲ್ಕು ಪದ ಕನ್ನಡದಲ್ಲಿ ಒಂದಾಗಬಹುದು. ಆದ್ದರಿಂದ 300 ಪದ ಎಂಬ ಇಂಗ್ಲಿಷ್ ಮಿತಿಯನ್ನು ಕನ್ನಡದ ಸ್ಪರ್ಧೆಗೆ ಹಾಗೇ ಎತ್ತಿ ಹಾಕಿದರೆ ಅದು ಒಂದು ಪುಟವಾಗಿ ಉಳಿಯುವುದಿಲ್ಲ. ಇನ್ನೊಂದು, ಹೊರಗಿನ ಏಜೆಂಟರು ಓದುವುದು ಅನುವಾದಕರ ಮೊದಲ ಪುಟವನ್ನು. ಮಾದರಿ ಅನುವಾದ ಚೆನ್ನಾಗಿರದಿದ್ದರೆ ಮೂಲ ಎಷ್ಟು ದೊಡ್ಡದಾಗಿದ್ದರೂ ಪ್ರಯೋಜನವಿಲ್ಲ. ಆ ದುಡಿಮೆಗೆ ಕೂಲಿ ಕೊಡುವವರು ಯಾರು? ಲಂಡನ್ನಿನ ಇಂಗ್ಲಿಷ್ ಪೆನ್ 2022ರಲ್ಲಿ ಮಾದರಿ ಅನುವಾದಗಳಿಗೇ ಹಣ ಕೊಡುವ ಯೋಜನೆ ಆರಂಭಿಸಿತು, ಒಂದು ಸುತ್ತನ್ನು ಭಾರತೀಯ ಭಾಷೆಗಳಿಗೇ ಮೀಸಲಿಟ್ಟಿತು. ಬಾನು ಮುಷ್ತಾಕರ ಕಥೆಗಳ ಅನುವಾದಕ್ಕೂ ಇಂಗ್ಲಿಷ್ ಪೆನ್ನಿನ ನೆರವು ದಕ್ಕಿತ್ತು. ಲಂಡನ್ನಿಗೆ ಹೊಳೆದದ್ದು ನಮಗೂ ಹೊಳೆಯಬೇಕು.

ಎರಡು ಬಿನ್ನಹ

ಮೊದಲನೆಯದು ದತ್ತಿ ಕೊಡುವವರಿಗೆ, ದತ್ತಿ ನಡೆಸುವ ಸಂಸ್ಥೆಗಳಿಗೆ. ಅಚ್ಚಾದ ಪುಸ್ತಕಕ್ಕೆ ಶಾಲು ಹೊದಿಸುವ ದತ್ತಿಗಳು ಸಾಕಷ್ಟಿವೆ. ಅಚ್ಚಾಗದ ಕಾದಂಬರಿಗೆ ಒಂದು ದತ್ತಿ ಇಡಿ. ನಿಯಮ ಹೀಗಿರಲಿ. ಕಾದಂಬರಿ ಮುಗಿದಿರಬೇಕು, ಪೂರ್ತಿ ಹಸ್ತಪ್ರತಿ ಮೊದಲೇ ಸಲ್ಲಿಕೆಯಾಗಬೇಕು. ಮೊದಲ ಸುತ್ತಿನಲ್ಲಿ ತೀರ್ಪುಗಾರರಿಗೆ ಎರಡೇ ಪುಟ ಹೋಗಲಿ: ಆರಂಭದ ಪುಟ ಒಂದು, ಒಳಗಿನದು ಇನ್ನೊಂದು. ಒಳಗಿನ ಪುಟ ಯಾವುದೆಂಬುದನ್ನು ಕೊನೆಯ ದಿನಾಂಕ ದಾಟಿದ ಮೇಲೆ ಚೀಟಿ ಎತ್ತಿ ತೀರ್ಮಾನಿಸಿ. ಆಗ ಯಾರಿಗೂ ಒಂದೇ ಪುಟಕ್ಕೆ ಬಣ್ಣ ಬಳಿಯಲಾಗದು. ಮಿತಿಯನ್ನು ಪದದಲ್ಲಿ ಹೇಳದೆ ಅಕ್ಷರದಲ್ಲಿ ಹೇಳಿ. ಸೋತವರಿಗೂ ನಾಲ್ಕು ಸಾಲಿನ ಅಭಿಪ್ರಾಯ ಬರೆದು ಕಳಿಸಿ. ಕಾರಣ ತಿಳಿಯದ ಸೋಲಿನಿಂದ ಯಾರೂ ಏನೂ ಕಲಿಯುವುದಿಲ್ಲ. ಬಹುಮಾನದ ಹಣವನ್ನು ಹಾರಕ್ಕೆ, ಫಲಕಕ್ಕೆ ಸುರಿಯದೆ, ಒಬ್ಬ ಒಳ್ಳೆಯ ಸಂಪಾದಕರ ಸಂಭಾವನೆಗೂ ಇಪ್ಪತ್ತು ಪುಟಗಳ ಮಾದರಿ ಅನುವಾದಕ್ಕೂ ಕೊಡಿ. ಕನ್ನಡ, ತೆಲುಗು, ಉರ್ದು, ಹಿಂದಿ, ಮರಾಠಿ ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ ಈ ಊರಿನಲ್ಲಿ ಅನುವಾದಕರಿಗೆ ಬರವಿಲ್ಲ. ಇಂಥ ದತ್ತಿ ಹೈದರಾಬಾದಿನಿಂದಲೇ ಶುರುವಾದರೆ ಬೆಂಗಳೂರು, ಧಾರವಾಡಗಳು ಹಿಂಬಾಲಿಸಲಿ.

ಎರಡನೆಯದು ಬರೆಯುವವರಿಗೆ. ಸ್ಪರ್ಧೆಗೆ ಕಳಿಸಿ, ಅದರಲ್ಲಿ ಕೀಳರಿಮೆಯೂ ಬೇಡ, ಕೊಂಬೂ ಬೇಡ. ಶುಲ್ಕ ಎಷ್ಟು, ಹಕ್ಕು ಯಾರದು, ತೀರ್ಪುಗಾರರು ಹಿಂದೆ ಯಾವ ಪುಸ್ತಕ ಮಾರಿದ್ದಾರೆ ಎಂಬುದನ್ನು ವಿಚಾರಿಸಿಕೊಂಡು ಕಳಿಸಿ. ಗೆಲ್ಲಲೆಂದು ಎರಡನೆಯ ಅಧ್ಯಾಯದ ಸಾವನ್ನು ಮೊದಲ ಸಾಲಿಗೆ ಎಳೆದು ತರಬೇಡಿ. ಕೊನೆಯ ಪುಟ ಬರೆದಾದ ಮೇಲೆ ಮೊದಲ ಪುಟಕ್ಕೆ ಮರಳಿ, ಅದನ್ನು ಹೊಸದಾಗಿ ಬರೆಯಿರಿ. ಆಗ ಮಾತ್ರ ಓದುಗರನ್ನು ಎಲ್ಲಿ ನಿಲ್ಲಿಸಬೇಕೆಂದು ನಿಮಗೆ ಗೊತ್ತಿರುತ್ತದೆ. ಕಾದಂಬರಿ ಮುಗಿಯದಿದ್ದರೆ ಈ ವರ್ಷದ ಸ್ಪರ್ಧೆಯನ್ನು ಬಿಟ್ಟುಬಿಡಿ. ಸ್ಪರ್ಧೆ ಮುಂದಿನ ವರ್ಷವೂ ಬರುತ್ತದೆ, ಮೊದಲು ಪುಸ್ತಕ ಮುಗಿಸಿ.